ಶ್ರೀಲಂಕಾ ಬಾವುಟದಲ್ಲಿ ಆ ಎರಡು ಪಟ್ಟಿಗಳು ಸಿಂಹದ ಚೌಕದ ಹೊರಗೆ ಯಾಕಿವೆ?

ತುಂಗಾತೀರ
ಎಲ್ಲರಿಗೂ ನಮಸ್ಕಾರ. ಮಗಳು ಆರನೇ ಕ್ಲಾಸು. ಶಾಲೆಯಲ್ಲಿ ನೆರೆಯ ದೇಶಗಳ ಬಗ್ಗೆ ಚಾರ್ಟ್ ಮಾಡಿಕೊಂಡು ಬರಲು ಹೇಳಿದ್ದಾರೆ. ಚೀಟಿ ಎತ್ತಿದಾಗ ಅವಳಿಗೆ ಶ್ರೀಲಂಕಾ ಬಂದಿದೆ. ಬಾವುಟ, ರಾಷ್ಟ್ರಗೀತೆ, ಹೂವು, ಮರ, ಹಕ್ಕಿ ಎಲ್ಲ ಹಾಕಿ ಒಂದೊಂದಕ್ಕೂ ಎರಡು ಸಾಲು ಬರೆಯಬೇಕು.

ನಿನ್ನೆ ಊಟ ಆದ ಮೇಲೆ ಬಣ್ಣದ ಕಾಗದ, ಗೋಂದು ಹಿಡಿದು ಕೂತೆವು. ಸಿಂಹ ಕತ್ತರಿಸುವುದಕ್ಕೇ ಒಂದು ಗಂಟೆ ಬೇಕಾಯಿತು. ಬಾಲ ಎರಡು ಸಲ ಹರಿದುಹೋಯಿತು. ಕೊನೆಗೆ ಕೇಸರಿ ಪಟ್ಟಿ, ಹಸಿರು ಪಟ್ಟಿ ಅಂಟಿಸುವಾಗ ಅವಳು ಕೇಳಿದಳು, "ಅಮ್ಮಾ, ಸಿಂಹಕ್ಕೆ ಅಷ್ಟು ದೊಡ್ಡ ಮನೆ. ಇವರಿಬ್ಬರಿಗೆ ಯಾಕೆ ಪಕ್ಕದಲ್ಲಿ ಬೇರೆ ಮನೆ?"

ಒಂದು ಪಟ್ಟಿ ತಮಿಳರದ್ದು, ಇನ್ನೊಂದು ಮುಸ್ಲಿಮರದ್ದು ಅಂತ ಮಾತ್ರ ನನಗೆ ಗೊತ್ತು. ಅವರನ್ನು ಸೇರಿಸಿಕೊಂಡಿದ್ದಾ, ಪಕ್ಕಕ್ಕೆ ಇಟ್ಟಿದ್ದಾ ಅಂತ ಅವಳು ಕೇಳಿದ್ದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಗೊತ್ತಿರುವವರು ಹೇಳಿ. ಸೋಮವಾರ ಚಾರ್ಟ್ ಕೊಡಬೇಕು.

ಬೆಂಗ್ಳೂರ್_ಬಸ್
ಅಕ್ಕಾ, ಆರನೇ ಕ್ಲಾಸಿಗೆ ಇಷ್ಟು ಬೇಕಾ? ಕೇಸರಿ ತಮಿಳರು, ಹಸಿರು ಮುಸ್ಲಿಮರು, ಸಿಂಹ ಸಿಂಹಳೀಯರು, ನಾಲ್ಕು ಎಲೆ ಬೌದ್ಧ ಧರ್ಮ ಅಂತ ಬರೆದುಬಿಡಿ. ಸಾಕು.

ಹಳೆಗಲ್ಲು
ಅಷ್ಟಕ್ಕೇ ನಿಲ್ಲಿಸಬೇಡಿ. ಮಗು ಕೇಳಿದ್ದನ್ನೇ 1948ರಿಂದ 1951ರವರೆಗೆ ಅಲ್ಲಿನ ದೊಡ್ಡ ದೊಡ್ಡ ನಾಯಕರು ಕೂತು ಚರ್ಚೆ ಮಾಡಿದ್ದಾರೆ.

ಮೊದಲು ಸಿಂಹ ಎಲ್ಲಿಂದ ಬಂತು ನೋಡೋಣ. ಲಂಕೆಯ ಕೊನೆಯ ಸ್ವತಂತ್ರ ರಾಜ್ಯ ಕ್ಯಾಂಡಿ 1815ರಲ್ಲಿ ಬ್ರಿಟಿಷರ ಕೈಸೇರಿತು. ಕೊನೆಯ ರಾಜನ ಬಾವುಟವನ್ನು ಇಂಗ್ಲೆಂಡಿಗೆ ಹೊತ್ತೊಯ್ದರು. ಅದು ಲಂಡನ್ನಿನ ಚೆಲ್ಸಿಯಲ್ಲಿರುವ ರಾಯಲ್ ಹಾಸ್ಪಿಟಲ್‌ನಲ್ಲಿ ಉಳಿದುಹೋಯಿತು. ಲಂಕೆಯವರಿಗೆ ತಮ್ಮ ಬಾವುಟ ಹೇಗಿತ್ತು ಅನ್ನುವುದೇ ಮರೆತಿತ್ತು. ಸುಮಾರು ನೂರು ವರ್ಷದ ನಂತರ ಇ. ಡಬ್ಲ್ಯು. ಪೆರೆರ ಅನ್ನುವ ವಕೀಲರು ಅದನ್ನು ಅಲ್ಲಿ ಪತ್ತೆ ಹಚ್ಚಿದರು. ಪತ್ರಿಕೆಯಲ್ಲಿ ಅದರ ಚಿತ್ರ ಬಂದಾಗ ಜನ ಮೊದಲ ಬಾರಿಗೆ ಕಣ್ಣಾರೆ ನೋಡಿದರು. 1915ರಲ್ಲಿ ಲಂಕೆಯಲ್ಲಿ ಆದ ಗಲಭೆಯ ಸಮಯದಲ್ಲಿ ಬ್ರಿಟಿಷ್ ಸರ್ಕಾರದ ಗುಪ್ತ ಆದೇಶದ ಪ್ರತಿಯನ್ನು ಬೂಟಿನ ಅಟ್ಟೆಯಲ್ಲಿ ಅಡಗಿಸಿ ಇಂಗ್ಲೆಂಡಿಗೆ ಒಯ್ದವರು ಅಂತ ಹೆಸರಾದವರೂ ಇದೇ ಪೆರೆರ.

ಸ್ವಾತಂತ್ರ್ಯ ಬರುವ ಹೊತ್ತಿಗೆ, 1948ರ ಜನವರಿಯಲ್ಲಿ, ಆ ಸಿಂಹದ ಬಾವುಟವನ್ನೇ ದೇಶದ ಬಾವುಟ ಮಾಡೋಣ ಅಂತ ಸಂಸತ್ತಿನಲ್ಲಿ ಠರಾವು ಬಂತು. ಮಂಡಿಸಿದ್ದು ಪೂರ್ವ ಕರಾವಳಿಯ ಮಟ್ಟಕ್ಕಳಪ್ಪು (ಬ್ಯಾಟಿಕಲೋವಾ) ಸದಸ್ಯ ಎ. ಸಿನ್ನಲೆಬ್ಬೆ. ಅವರು ಮುಸ್ಲಿಮರು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಚೆನ್ನೈಕನ್ನಡಿಗ
ಹಳೆಗಲ್ಲು ಸರ್, ಅದು ಅಷ್ಟು ಸಲೀಸಾಗಿ ಆಗಲಿಲ್ಲ. ತಮಿಳು ನಾಯಕರು ಆಗಲೇ ಆಕ್ಷೇಪ ಎತ್ತಿದ್ದರು. ಬರೀ ಸಿಂಹದ ಬಾವುಟ ಅಂದರೆ ದೇಶ ಸಿಂಹಳೀಯರದ್ದು ಮಾತ್ರ ಅಂದ ಹಾಗೆ ಆಗುತ್ತದೆ, ನಾವೆಲ್ಲಿ ಅಂತ ಕೇಳಿದರು. ಅದಕ್ಕೇ ಸಮಿತಿ ಆಗಿದ್ದು.

ಹಳೆಗಲ್ಲು
ಅಲ್ಲಿಗೇ ಬರುತ್ತಿದ್ದೆ. ಸಮಿತಿಯ ಅಧ್ಯಕ್ಷರು ಮುಂದೆ ಪ್ರಧಾನಿಯಾದ ಎಸ್. ಡಬ್ಲ್ಯು. ಆರ್. ಡಿ. ಬಂಡಾರನಾಯಕೆ. ಜೆ. ಆರ್. ಜಯವರ್ಧನೆ ಇದ್ದರು, ಮುಸ್ಲಿಮರ ಕಡೆಯಿಂದ ಟಿ. ಬಿ. ಜಾಯಾ, ತಮಿಳರ ಕಡೆಯಿಂದ ಜಿ. ಜಿ. ಪೊನ್ನಂಬಲಂ ಮತ್ತು ಸೆನೆಟರ್ ಎಸ್. ನಡೇಶನ್ ಇದ್ದರು. ಸಿಂಹವನ್ನು ಹಾಗೇ ಬಿಟ್ಟು ಕಂಬದ ಕಡೆಗೆ ಎರಡು ನಿಲುವು ಪಟ್ಟಿ ಸೇರಿಸೋಣ ಅನ್ನುವ ತೀರ್ಮಾನ ಆಯಿತು. ನಡೇಶನ್ ಒಪ್ಪಲಿಲ್ಲ. ತಮ್ಮ ಭಿನ್ನಾಭಿಪ್ರಾಯವನ್ನು ಬರೆದೇ ಕೊಟ್ಟರು. 1951ರಲ್ಲಿ ಪಟ್ಟಿ ಇರುವ ಬಾವುಟ ಅಧಿಕೃತವಾಯಿತು.

ತುಂಗಾತೀರ ಅವರೇ, ನಿಮ್ಮ ಮಗಳು ಒಂದು ಗಂಟೆ ಗೋಂದು ಹಚ್ಚಿ ಕಂಡುಕೊಂಡಿದ್ದು ನಡೇಶನ್ ಅವರ ಅಸಮಾಧಾನದ ಹತ್ತಿರಕ್ಕೇ ಬರುತ್ತದೆ. ಅವಳಿಗೆ ಹೇಳಿ.

ತುಂಗಾತೀರ
ಹೇಳಿದೆ ಸರ್. ಮುಖ ಅರಳಿತು. "ಅವರೂ ನನ್ನ ಹಾಗೇ ಕೇಳಿದ್ರಾ" ಅಂತ ಮೂರು ಸಲ ಕೇಳಿದಳು.

ಕಡಲಕರೆ
ನನಗೆ ಒಂದು ಅರ್ಥ ಆಗ್ಲಿಲ್ಲ ಮಾರಾಯ್ರೆ. ಲಂಕೆಯ ಕಾಡಿನಲ್ಲಿ ಸಿಂಹವೇ ಇಲ್ಲ, ಅಲ್ವಾ? ಚಿರತೆ ಉಂಟು, ಆನೆ ಉಂಟು, ಕರಡಿ ಉಂಟು. ಇಲ್ಲದ ಪ್ರಾಣಿ ಬಾವುಟಕ್ಕೆ ಹೇಗೆ ಬಂತು?

ಹಳೆಗಲ್ಲು
ಹೆಸರಿನಿಂದ ಬಂತು. ಸಿಂಹಳ ಅನ್ನುವ ಹೆಸರಿನಲ್ಲೇ ಸಿಂಹ ಇದೆ. ವಿಜಯ ಅನ್ನುವ ರಾಜಕುಮಾರ ಹಡಗಿನಲ್ಲಿ ಬಂದ, ಅವನ ತಂದೆ ಸಿಂಹಬಾಹು, ಅಜ್ಜನೇ ಸಿಂಹ ಅಂತ ಲಂಕೆಯ ಹಳೆಯ ಚರಿತ್ರೆಯ ಗ್ರಂಥ ಮಹಾವಂಸದ ಕಥೆ. ಕಾಡಿನಲ್ಲಿ ಇರಲೇಬೇಕು ಅಂತ ಎಲ್ಲಿದೆ? ನಮ್ಮ ಕದಂಬರದ್ದೂ ಸಿಂಹ ಲಾಂಛನವೇ. ಬನವಾಸಿ ಕಾಡಿನಲ್ಲಿ ಯಾರು ಸಿಂಹ ನೋಡಿದ್ದಾರೆ?

ಬ್ರಿಟಿಷರ ಕಾಲದ ಸಿಲೋನ್ ಬಾವುಟದಲ್ಲಿ ಸಿಂಹ ಇರಲಿಲ್ಲ. ನೀಲಿ ಬಟ್ಟೆಯ ಮೇಲೆ ಒಂದು ಆನೆ, ಅದರ ಹಿಂದೆ ಬೌದ್ಧ ಸ್ತೂಪ.

ಚೆನ್ನೈಕನ್ನಡಿಗ
ಮೂವತ್ತು ವರ್ಷದಿಂದ ಚೆನ್ನೈನಲ್ಲಿದ್ದೇನೆ. ಪಕ್ಕದ ಮನೆಯವರು ಜಾಫ್ನಾ ಕಡೆಯವರು. 1983ರ ಜುಲೈನಲ್ಲಿ ಲಂಕೆಯಲ್ಲಿ ತಮಿಳರ ಮೇಲೆ ನಡೆದ ಗಲಭೆಯ ನಂತರ ಹುಡುಗನಾಗಿದ್ದಾಗ ತಾಯಿಯ ಜೊತೆ ದೋಣಿ ಹತ್ತಿ ರಾಮೇಶ್ವರಕ್ಕೆ ಬಂದವರು. ಒಂದು ದಿನ ಟಿವಿಯಲ್ಲಿ ಕ್ರಿಕೆಟ್ ನೋಡುತ್ತಾ ಕೂತಿದ್ದೆವು. ಲಂಕಾ ಬಾವುಟ ತೋರಿಸಿದರು. ಅವರು ತಟ್ಟೆಯಲ್ಲಿದ್ದ ಮುರುಕು ಕೆಳಗಿಟ್ಟು ಹೇಳಿದರು, "ಸಿಂಹ ಯಾವ ಕಡೆ ನೋಡ್ತಿದೆ ಗಮನಿಸಿ. ಕತ್ತಿ ಹಿಡಿದು ನಮ್ಮ ಪಟ್ಟಿಯ ಕಡೆಗೇ ಮುಖ ಮಾಡಿದೆ."

ಅಲ್ಲಿಯವರೆಗೆ ನಾನು ಅದನ್ನು ಹಾಗೆ ನೋಡಿರಲಿಲ್ಲ. ಆಮೇಲೆ ಬೇರೆ ಥರ ನೋಡೋಕೆ ಆಗಲೇ ಇಲ್ಲ. ನೀವೂ ಒಮ್ಮೆ ನೋಡಿ. ಕಂಬದ ಕಡೆ ಪಟ್ಟಿಗಳು, ಸಿಂಹದ ಮುಖವೂ ಕಂಬದ ಕಡೆಗೇ, ಬಲ ಮುಂಗಾಲಿನಲ್ಲಿ ಎತ್ತಿ ಹಿಡಿದ ಕತ್ತಿ.

ಹಳೆಗಲ್ಲು
ಇದಕ್ಕೆ ಉತ್ತರ ಇದೆ. ಬಾವುಟದ ಪ್ರಾಣಿ ಕಂಬದ ಕಡೆಗೆ ಮುಖ ಮಾಡುವುದು ಹಳೆಯ ರೂಢಿ. ಬಾವುಟ ಹಿಡಿದು ನಡೆಯುವಾಗ ಪ್ರಾಣಿಯೂ ಮುಂದಕ್ಕೆ ನೋಡಬೇಕು, ಹಿಂದಕ್ಕೆ ತಿರುಗಿ ಓಡುವ ಹಾಗೆ ಕಾಣಬಾರದು ಅಂತ. ಸಿಂಹ, ಕತ್ತಿ ಎರಡೂ ಕ್ಯಾಂಡಿಯ ಬಾವುಟದಲ್ಲೇ ಇದ್ದವು. ಪಟ್ಟಿ ಬಂದಿದ್ದು 1951ರಲ್ಲಿ. ಪಟ್ಟಿಯನ್ನು ಹೆದರಿಸುವುದಕ್ಕೆ ಯಾರೂ ಸಿಂಹ ಬರೆಯಲಿಲ್ಲ.

ಚೆನ್ನೈಕನ್ನಡಿಗ
ಸರ್, ನೀವು ಹೇಳಿದ್ದು ಸರಿಯೇ ಇರಬಹುದು. ಆದರೆ ಪಟ್ಟಿ ಎಲ್ಲಿ ಸೇರಿಸಬೇಕು ಅಂತ ತೀರ್ಮಾನ ಮಾಡಿದವರಿಗೆ ಸಿಂಹದ ಮುಖ ಎಲ್ಲಿದೆ ಅಂತ ಗೊತ್ತಿತ್ತಲ್ಲ? ಮನೆ ಬಿಟ್ಟು ಓಡಿ ಬಂದವರಿಗೆ ರೂಢಿ ವಿವರಿಸಿದರೆ ಸಮಾಧಾನ ಆಗುತ್ತದೆಯೇ?

ಹಳೆಗಲ್ಲು
ಸಮಾಧಾನ ಆಗುವುದಿಲ್ಲ, ಒಪ್ಪುತ್ತೇನೆ. ಚಾರ್ಟಿನಲ್ಲಿ ಕಾರಣ ತಪ್ಪಾಗಿ ಬರೆಯಬಾರದು ಅಂತಷ್ಟೇ ಹೇಳಿದ್ದು.

ಇನ್ನೊಂದು ವಿಷಯ. ಈ ಸಿಂಹದ ಬಾವುಟದ ಕೊನೆಯ ರಾಜ ಶ್ರೀ ವಿಕ್ರಮ ರಾಜಸಿಂಹ ಯಾರು ಗೊತ್ತಾ? ಹುಟ್ಟು ಹೆಸರು ಕಣ್ಣುಸಾಮಿ. ಮಧುರೆ ಕಡೆಯಿಂದ ಹೋದ ನಾಯಕ್ಕರ್ ವಂಶದವನು. ಆ ವಂಶ 1739ರಿಂದ ಕ್ಯಾಂಡಿ ಆಳುತ್ತಿತ್ತು. ಬ್ರಿಟಿಷರು ಅವನನ್ನು ಹಿಡಿದು ವೆಲ್ಲೂರು ಕೋಟೆಯಲ್ಲಿ ಇಟ್ಟರು. 1832ರಲ್ಲಿ ಅಲ್ಲೇ ತೀರಿಕೊಂಡ. ಸಮಾಧಿ ವೆಲ್ಲೂರಿನ ಪಾಲಾರ್ ನದಿಯ ದಂಡೆಯಲ್ಲಿದೆ. ಆ ಬಾವುಟವನ್ನು ಕೊನೆಗೆ ಹಿಡಿದವನು ದಕ್ಷಿಣ ಭಾರತದ ಮೂಲದವನು, ಅದನ್ನು ಮತ್ತೆ ತನ್ನಿ ಅಂತ ಸಂಸತ್ತಿನಲ್ಲಿ ಕೇಳಿದವರು ಮುಸ್ಲಿಂ ಸದಸ್ಯ. ಹಾಗಿರುವಾಗ ಸಿಂಹ ಒಂದೇ ಜನದ ಸ್ವತ್ತು ಅಂತ ಯಾರು ಹೇಳಿದರೂ ನಾನು ಒಪ್ಪುವುದಿಲ್ಲ. ಸಿಂಹಳೀಯರು ಹೇಳಿದರೂ ಅಷ್ಟೇ, ತಮಿಳರು ಹೇಳಿದರೂ ಅಷ್ಟೇ.

ಕಡಲಕರೆ
ವೆಲ್ಲೂರಿಗೆ ಅಪ್ಪನ ಆಪರೇಷನ್‌ಗೆ ಹೋಗಿ ಹದಿನೈದು ದಿನ ಇದ್ದೆ. ಅಲ್ಲಿ ಲಂಕೆಯ ರಾಜನ ಸಮಾಧಿ ಉಂಟು ಅಂತ ಯಾರೂ ಹೇಳ್ಲಿಲ್ಲ ನೋಡಿ.

ದಾರದುಂಡೆ
ನಾನು ಕೊಲಂಬೊ ಹತ್ತಿರದ ಕಟುನಾಯಕೆಯ ಗಾರ್ಮೆಂಟ್ಸ್ ಒಂದರಲ್ಲಿ ನಾಲ್ಕು ವರ್ಷ ಕ್ವಾಲಿಟಿ ವಿಭಾಗದಲ್ಲಿದ್ದೆ. ಬೆಂಗಳೂರಿನ ಪೀಣ್ಯದಿಂದ ಹೋದವನು. ನಾನು ಕಂಡಿದ್ದು ಹೇಳುತ್ತೇನೆ.

ಫೆಬ್ರವರಿ 4 ಅವರ ಸ್ವಾತಂತ್ರ್ಯ ದಿನ. ಅದರ ಹಿಂದಿನ ವಾರದಿಂದಲೇ ಆಟೋ, ಬಸ್ಸು, ಅಂಗಡಿ ಎಲ್ಲ ಕಡೆ ಬಾವುಟ. ನಮ್ಮ ಫ್ಲೋರಿನಲ್ಲೂ ಒಂದು ದೊಡ್ಡದು ಕಟ್ಟುತ್ತಿದ್ದರು. ಒಂದು ವರ್ಷ ಹೊಸ ಹುಡುಗ ಕಟ್ಟುವಾಗ ತಲೆಕೆಳಗಾಯಿತು. ಸಿಂಹದ ಕಾಲು ಮೇಲೆ. ಲೈನ್ ಸೂಪರ್‌ವೈಸರ್ ಅಕ್ಕ ಒಬ್ಬರು ಮಿಷನ್ ನಿಲ್ಲಿಸಿ ಎದ್ದು ಬಂದರು. ಸ್ಟೂಲ್ ಹತ್ತಿ ತಾವೇ ಬಿಚ್ಚಿ ಸರಿ ಮಾಡಿ ಕಟ್ಟಿದರು. ಅವರು ಹಟ್ಟನ್ ಕಡೆಯ ಟೀ ತೋಟದ ತಮಿಳರು. ಕೆಳಗೆ ಇಳಿಯುವ ಮುಂಚೆ ಕೇಸರಿ ಪಟ್ಟಿಯ ಸುಕ್ಕನ್ನು ಅಂಗೈಯಿಂದ ಸವರಿ ನೇರ ಮಾಡಿದರು. ಬಟ್ಟೆ ಚೆಕ್ ಮಾಡುವಾಗ ಹೇಗೆ ಸವರುತ್ತೇವೋ ಹಾಗೆ. ನನ್ನ ಕಡೆ ನೋಡಿ ತಮಿಳಿನಲ್ಲಿ "ಇದು ನಾವು" ಅಂದರು.

ಅದೇ ಫ್ಲೋರಿನಲ್ಲಿ ಉತ್ತರದ ವವುನಿಯ ಕಡೆಯ ಇನ್ನೊಬ್ಬ ಹುಡುಗಿ ಇದ್ದಳು. ಆ ದಿನ ಬಾವುಟ ಏರಿಸುವಾಗ ಅವಳು ಟಾಯ್ಲೆಟ್‌ಗೆ ಹೋಗಿ ಎಲ್ಲ ಮುಗಿದ ಮೇಲೆ ಬಂದಳು. ಯಾರೂ ಏನೂ ಕೇಳಲಿಲ್ಲ. ಇಬ್ಬರೂ ತಮಿಳರೇ. ಮಧ್ಯಾಹ್ನ ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಊಟ ಮಾಡಿದರು.

ತುಂಗಾತೀರ
ದಾರದುಂಡೆ ಅಣ್ಣ, ಇದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಮಗಳಿಗೂ ಓದಿ ಹೇಳಿದೆ.

ಬೆಂಗ್ಳೂರ್_ಬಸ್
ನಾನು ಮೊದಲು ಹಾಕಿದ ಉತ್ತರ ಸಾಲದು ಅಂತ ಈಗ ಅನಿಸುತ್ತಿದೆ. ಪಟ್ಟಿನೇ ಇಲ್ಲದ ಬಾವುಟ ಹಿಡಿದು ಗಲಾಟೆ ಆಗಿತ್ತಲ್ಲ, ಅದು ಯಾವಾಗ?

ಚೆನ್ನೈಕನ್ನಡಿಗ
2015ರಲ್ಲಿ, ಕೊಲಂಬೊದ ಒಂದು ಪ್ರತಿಭಟನೆಯಲ್ಲಿ. ಹಸಿರು, ಕೇಸರಿ ಎರಡೂ ಇಲ್ಲ, ಬರೀ ಸಿಂಹ. ದೇಶದಲ್ಲಿ ದೊಡ್ಡ ಚರ್ಚೆ ಆಯಿತು. ನನ್ನ ನೆರೆಯವರಿಗೆ ಪಟ್ಟಿ ಎಲ್ಲಿದೆ ಅನ್ನುವ ಬಗ್ಗೆ ಎಷ್ಟೇ ಬೇಸರ ಇದ್ದರೂ ಅದು ಇಲ್ಲವೇ ಇಲ್ಲ ಅಂದಾಗ ಜಾಸ್ತಿ ನೋವಾಯಿತು. ಅವತ್ತು ಫೋನ್ ಮಾಡಿ ತುಂಬಾ ಹೊತ್ತು ಮಾತಾಡಿದರು.

2022ರಲ್ಲಿ ಪೆಟ್ರೋಲ್, ಗ್ಯಾಸ್ ಇಲ್ಲದೆ ಜನ ಗಾಲ್ ಫೇಸ್ ಮೈದಾನದಲ್ಲಿ ಸೇರಿದಾಗ ಎಲ್ಲರ ಕೈಯಲ್ಲೂ ಇದೇ ಬಾವುಟ ಇತ್ತು. ಅದೂ ನೆನಪಿರಲಿ.

ವಾಲಿಬಾಲ್_ಮಂಜ
ರಾಷ್ಟ್ರೀಯ ಕ್ರೀಡೆ ವಾಲಿಬಾಲ್ ಅಂತ ಚಾರ್ಟಿನಲ್ಲಿ ಹಾಕಿದ್ರಾ? 1991ರಲ್ಲಿ ಘೋಷಣೆ ಆಯಿತು. ಎಲ್ಲರೂ ಕ್ರಿಕೆಟ್ ಅಂದುಕೊಂಡಿರುತ್ತಾರೆ.

ಕಡಲಕರೆ
ಹೌದಾ! 1996ರ ವಿಶ್ವಕಪ್ ಗೆದ್ದ ದೇಶಕ್ಕೆ ವಾಲಿಬಾಲ್?

ವಾಲಿಬಾಲ್_ಮಂಜ
ಯಾಕೆ ಆಗಬಾರದು? ಒಂದು ನೆಟ್ಟು, ಒಂದು ಚೆಂಡು, ಎರಡು ಕಂಬ ಇದ್ದರೆ ಊರಿಗೆ ಊರೇ ಆಡುತ್ತದೆ. ನಮ್ಮೂರಲ್ಲೂ ಸುಗ್ಗಿ ಮುಗಿದ ಮೇಲೆ ಕಣದಲ್ಲಿ ಅದೇ ಆಡುವುದು. ಅವರು ಮಾಡಿದ ಆಯ್ಕೆ ನನಗೆ ತುಂಬಾ ಹಿಡಿಸಿತು.

ಮೇಷ್ಟ್ರು_ಹಾಸನ
ರಾಷ್ಟ್ರಗೀತೆ ಬಗ್ಗೆ ಯಾರೂ ಬರೆಯಲಿಲ್ಲ. ನಿವೃತ್ತ ಕನ್ನಡ ಮೇಷ್ಟ್ರು ನಾನು. ಇದು ನನ್ನ ವಿಷಯ, ಸ್ವಲ್ಪ ಉದ್ದವಾದರೂ ಓದಿ.

ಬರೆದು ರಾಗ ಹಾಕಿದವರು ಆನಂದ ಸಮರಕೋನ್. ಟಾಗೋರರ ಶಾಂತಿನಿಕೇತನದಲ್ಲಿ ಸ್ವಲ್ಪ ಕಾಲ ಕಲಿತು ಹೋದವರು. ಗಾಲ್ ಊರಿನ ಮಹಿಂದ ಕಾಲೇಜಿನಲ್ಲಿ ಮೇಷ್ಟ್ರಾಗಿದ್ದಾಗ 1940ರಲ್ಲಿ ಬರೆದರು. 1951ರಲ್ಲಿ ಅದು ರಾಷ್ಟ್ರಗೀತೆ ಆಯಿತು. ಆಗ ಅದರ ಮೊದಲ ಪದಗಳು "ನಮೋ ನಮೋ ಮಾತಾ".

ಮುಂದೆ ಏನಾಯಿತು ಗೊತ್ತೇ? ಮೊದಲ ಪ್ರಧಾನಿ ಡಿ. ಎಸ್. ಸೇನಾನಾಯಕೆ 1952ರಲ್ಲಿ ಕುದುರೆಯಿಂದ ಬಿದ್ದು ತೀರಿಕೊಂಡರು. 1959ರಲ್ಲಿ ಪ್ರಧಾನಿ ಬಂಡಾರನಾಯಕೆಯವರ ಹತ್ಯೆ ಆಯಿತು. ದೇಶಕ್ಕೆ ಒಂದರ ಮೇಲೊಂದು ಕೆಡುಕು ಬರುತ್ತಿದೆ, ಹಾಡಿನ ಮೊದಲ ಗಣವೇ ಅಶುಭ ಅಂತ ಕೆಲವರು ಎದ್ದರು. ಎಷ್ಟರ ಮಟ್ಟಿಗೆ ಅಂದರೆ 1961ರಲ್ಲಿ ಸರ್ಕಾರ ಕವಿಯ ಒಪ್ಪಿಗೆ ಇಲ್ಲದೆ ಅದನ್ನು "ಶ್ರೀ ಲಂಕಾ ಮಾತಾ" ಅಂತ ಬದಲಿಸಿತು.

ಗಣ ಅಂದಾಗ ನನ್ನ ಕಿವಿ ನೆಟ್ಟಗಾಯಿತು. ಪ್ರಸ್ತಾರ ಹಾಕಿ ನೋಡಿದೆ. ನಮ್ಮ "ಯಮಾತಾರಾಜಭಾನಸಲಗಂ" ನೆನಪಿದೆಯಲ್ಲ? ನ, ಮೋ, ನ. ಲಘು, ಗುರು, ಲಘು. ಅಂದರೆ "ಜಭಾನ", ಜಗಣ. ಹಳೆಯ ಛಂದಸ್ಸಿನ ಲೆಕ್ಕದಲ್ಲಿ ಜಗಣಕ್ಕೆ ದೇವತೆ ಸೂರ್ಯ, ಫಲ ರೋಗ. ಕಾವ್ಯದ ಮೊದಲಿಗೆ ಇಡಬಾರದು ಅನ್ನುತ್ತಾರೆ. ಈಗ ಹೊಸದು ನೋಡಿ. ಶ್ರೀ, ಲಂ, ಕಾ. ಮೂರೂ ಗುರು. "ಮಾತಾರಾ", ಮಗಣ. ದೇವತೆ ಭೂಮಿ, ಫಲ ಸಂಪತ್ತು. ನಾವು ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿಸುವ ಲೆಕ್ಕಕ್ಕೆ ಎರಡೂ ಕೂದಲೆಳೆ ತಪ್ಪದೆ ಹೊಂದುತ್ತವೆ. ಕಪ್ಪುಹಲಗೆ ಇದ್ದಿದ್ದರೆ ಬರೆದು ತೋರಿಸುತ್ತಿದ್ದೆ.

ಆದರೆ ಸಮರಕೋನ್ ಅವರಿಗೆ ಇದು ತಡೆಯಲಾಗದ ನೋವು. ತಮ್ಮ ಹಾಡಿನ ತಲೆಯನ್ನೇ ಕತ್ತರಿಸಿದರು ಅಂತ ಕೊರಗಿದರು. 1962ರ ಏಪ್ರಿಲ್‌ನಲ್ಲಿ ತಾವೇ ಜೀವ ಕಳೆದುಕೊಂಡರು. ನಲವತ್ತು ವರ್ಷ ಛಂದಸ್ಸು ಪಾಠ ಮಾಡಿದ್ದೇನೆ. ಗಣ ಅನ್ನುವುದು ಲಯ ಹಿಡಿಯುವುದಕ್ಕೆ ಇರುವ ಅಳತೆ. ಅದರಿಂದ ಒಬ್ಬ ಕವಿಯ ಮಾತನ್ನು ಅವನು ಬದುಕಿರುವಾಗಲೇ ಅವನನ್ನು ಕೇಳದೆ ತಿದ್ದುವುದು ತಪ್ಪು, ದೊಡ್ಡ ತಪ್ಪು.

ಕಡಲಕರೆ
ಮೇಷ್ಟ್ರೇ, ಅದು ಟಾಗೋರರೇ ಬರೆದ ಹಾಡು ಅಂತ ವಾಟ್ಸಾಪಿನಲ್ಲಿ ಬರ್ತದಲ್ಲ? ಭಾರತ, ಬಾಂಗ್ಲಾ, ಲಂಕಾ ಮೂರಕ್ಕೂ ಅವರದ್ದೇ ಅಂತ.

ಮೇಷ್ಟ್ರು_ಹಾಸನ
ಭಾರತದ್ದು, ಬಾಂಗ್ಲಾದೇಶದ್ದು ಅವರವೇ. ಲಂಕೆಯ ಸಿಂಹಳ ಹಾಡು ಸಮರಕೋನ್ ಅವರದ್ದು. ಗುರುವಿನ ಪ್ರಭಾವ ಇದೆ ಅನ್ನುವುದು ಬೇರೆ, ಗುರುವೇ ಬರೆದರು ಅನ್ನುವುದು ಬೇರೆ. ಅಷ್ಟು ಸಂಕಟ ಅನುಭವಿಸಿದ ಮನುಷ್ಯನಿಂದ ಹಾಡನ್ನೂ ಕಿತ್ತುಕೊಳ್ಳಬೇಡಿ. ಚಾರ್ಟಿನಲ್ಲಿ ಅವರ ಹೆಸರೇ ಬರಲಿ.

ಚೆನ್ನೈಕನ್ನಡಿಗ
ಇದೇ ಹಾಡಿಗೆ ತಮಿಳು ರೂಪವೂ ಇದೆ, "ಶ್ರೀ ಲಂಕಾ ತಾಯೇ". ರಾಗ ಅದೇ, ಅರ್ಥವೂ ಅದೇ. ಅನುವಾದ ಮಾಡಿದವರು ಪಂಡಿತ ಎಂ. ನಲ್ಲತಂಬಿ. ತಮಿಳು ಭಾಷೆಯ ಸಂವಿಧಾನ ಪ್ರತಿಯಲ್ಲೂ ಅದು ಇದೆ. ಹಾಗಿದ್ದೂ ಸರ್ಕಾರದ ಸ್ವಾತಂತ್ರ್ಯ ದಿನದ ಸಮಾರಂಭದಲ್ಲಿ ದಶಕಗಳ ಕಾಲ ಹಾಡಿರಲಿಲ್ಲ. 2016ರ ಫೆಬ್ರವರಿ 4ರಂದು ಹಾಡಿದರು. ನೆರೆಯವರ ತಾಯಿ ಆಗ ಬದುಕಿದ್ದರು. ಮೊಬೈಲಿನಲ್ಲಿ ಹಾಕಿ ತೋರಿಸಿದೆವು. ಅಜ್ಜಿ ಶಾಲೆಯಲ್ಲಿ ಕಲಿತಿದ್ದ ಸಾಲು ಮರೆತಿರಲಿಲ್ಲ, ತುಟಿ ಅಲುಗಿಸುತ್ತಾ ಪೂರ್ತಿ ಹೇಳಿದರು. 2020ರಲ್ಲಿ ಮತ್ತೆ ಬಿಟ್ಟರು, ಸಿಂಹಳದಲ್ಲಿ ಮಾತ್ರ ಹಾಡಿದರು.

ಬಾವುಟದಲ್ಲಿ ಪಟ್ಟಿಯಾದರೂ ಇದೆ. ಹಾಡಿನಲ್ಲಿ ಇದ್ದಕ್ಕಿದ್ದಂತೆ ನಿಮ್ಮ ಭಾಷೆ ಬರುತ್ತದೆ, ಇದ್ದಕ್ಕಿದ್ದಂತೆ ಹೋಗುತ್ತದೆ. ನನ್ನ ಮಟ್ಟಿಗೆ ಇದೇ ದೊಡ್ಡ ವಿಷಯ.

ಹಳೆಗಲ್ಲು
ಇದನ್ನು ಪೂರ್ತಿ ಒಪ್ಪುತ್ತೇನೆ. ತನ್ನ ಭಾಷೆಯಲ್ಲಿ ಹಾಡಿಕೊಂಡರೆ ದೇಶ ಒಡೆಯುವುದಿಲ್ಲ.

ಕಾಡುಪಾಪ
ಹೂವು, ಮರ, ಹಕ್ಕಿಗೆ ನಾನು ಬಂದೆ. ಅಕ್ಕಾ, ಇದರಲ್ಲಿ ನಿಮ್ಮ ಮಗಳಿಗೆ ಖುಷಿ ಆಗುವ ಸಂಗತಿ ಬೇಕಾದಷ್ಟಿದೆ.

ಅವರ ರಾಷ್ಟ್ರೀಯ ಮರ "ನಾ". ಅದೇ ನಮ್ಮ ನಾಗಸಂಪಿಗೆ. ಬಿಳಿ ದಳ ನಾಲ್ಕು, ನಡುವೆ ಹಳದಿ ಕೇಸರಗಳ ಗೊಂಚಲು, ಬೇಯಿಸಿದ ಮೊಟ್ಟೆ ಸೀಳಿ ಇಟ್ಟ ಹಾಗೆ ಕಾಣುತ್ತದೆ. ಚಿಗುರು ಬಂದಾಗ ಮರವೆಲ್ಲ ಕೆಂಪಾಗಿ ಜೋತು ಬೀಳುತ್ತದೆ. ಮರ ಎಷ್ಟು ಗಟ್ಟಿ ಅಂದರೆ ರೈಲು ಹಳಿಯ ಕೆಳಗೆ ಅಡ್ಡಪಟ್ಟಿಯಾಗಿ ಹಾಕುತ್ತಿದ್ದರು. ನಿಮ್ಮದು ಶಿವಮೊಗ್ಗ ಕಡೆ ಅಲ್ವಾ? ಹುಡುಕಿದರೆ ಸಿಕ್ಕೇ ಸಿಗುತ್ತದೆ, ಉದುರಿದ ಎಲೆ ಒಂದನ್ನು ತಂದು ಚಾರ್ಟಿಗೆ ಅಂಟಿಸಿ.

ಹಕ್ಕಿ ಅಲ್ಲಿನ ಕಾಡುಕೋಳಿ. ಲಂಕೆ ಬಿಟ್ಟರೆ ಬೇರೆಲ್ಲೂ ಇಲ್ಲ. ಹುಂಜದ ಮೈ ಕಿತ್ತಳೆಗೆಂಪು, ಕೆಂಪು ಜುಟ್ಟಿನ ನಡುವೆ ಹಳದಿ. ನಮ್ಮ ಮಲೆನಾಡಿನ ಬೂದು ಕಾಡುಕೋಳಿಯ ಹತ್ತಿರದ ನೆಂಟ. ಬಣ್ಣ ಹಾಕುವಾಗ ಜುಟ್ಟಿನ ಹಳದಿ ಮರೆಯಬೇಡಿ, ಗುರುತೇ ಅದು.

ಚಿಟ್ಟೆ ಅವರದ್ದು ಬರ್ಡ್‌ವಿಂಗ್. ನಮ್ಮ ಕರ್ನಾಟಕದ ರಾಜ್ಯ ಚಿಟ್ಟೆಯೂ ಅದೇ ಕುಲದ್ದು, ಬೇರೆ ಜಾತಿ. ಎರಡಕ್ಕೂ ಹಿಂದಿನ ರೆಕ್ಕೆ ಹಳದಿ.

ಹೂವು ಮಾತ್ರ ಹುಷಾರು. ಅವರದ್ದು "ನಿಲ್ ಮಾನೆಲ್", ಅಂದರೆ ನಮ್ಮ ನೀಲಿ ನೈದಿಲೆ. ಮರ, ಹೂವು ಎರಡನ್ನೂ 1986ರಲ್ಲಿ ಘೋಷಿಸಿದರು. ಆದರೆ ಅಲ್ಲಿ ಕೊಳಗಳಲ್ಲಿ ಹರಡಿರುವ ಕಡುನೇರಳೆ ಬಣ್ಣದ ದೊಡ್ಡ ಹೂವು ಹೊರಗಿನಿಂದ ಬಂದ ಬೇರೆ ಜಾತಿ. ನೋಡಲು ಚೆಂದ ಅಂತ ಬಹಳ ಕಡೆ ಅದರ ಚಿತ್ರವನ್ನೇ ರಾಷ್ಟ್ರೀಯ ಹೂವು ಅಂತ ಹಾಕಿಬಿಟ್ಟಿದ್ದರು. ಸಸ್ಯ ವಿಜ್ಞಾನಿಗಳು ಆಮೇಲೆ ತಪ್ಪು ತೋರಿಸಿದರು. ಗೂಗಲ್‌ನಲ್ಲಿ ಮೊದಲು ಬರುವ ಚಿತ್ರ ಸುಮ್ನೆ ಪ್ರಿಂಟ್ ತೆಗೆಯಬೇಡಿ. ತಿಳಿನೀಲಿ, ತೆಳ್ಳಗಿನ ದಳದ್ದು ಹುಡುಕಿ.

ತುಂಗಾತೀರ
ಅಯ್ಯೋ, ನೇರಳೆಯದ್ದನ್ನೇ ಪ್ರಿಂಟ್ ಹಾಕಿಸಿ ಇಟ್ಟಿದ್ದೆ! ಬದಲಿಸುತ್ತೇನೆ. ನಾಗಸಂಪಿಗೆ ನಮ್ಮ ಅತ್ತೆ ಮನೆ ಹತ್ತಿರ ಇದೆ. ನಾಳೆ ಭಾನುವಾರ, ಹೋಗಿ ಬರುತ್ತೇವೆ.

ಕಡಲಕರೆ
ನಾಲ್ಕು ಮೂಲೆಯ ಎಲೆ ಅರಳಿ ಎಲೆ ಅಲ್ವಾ?

ಹಳೆಗಲ್ಲು
ಅರಳಿ ಎಲೆಯೇ. ಬುದ್ಧನಿಗೆ ಜ್ಞಾನ ಬಂದ ಮರ. ನಾಲ್ಕು ಎಲೆ ಅಂದರೆ ಮೈತ್ರಿ, ಕರುಣೆ, ಮುದಿತ, ಉಪೇಕ್ಷೆ. ಮುದಿತ ಅಂದರೆ ಬೇರೆಯವರ ಸುಖ ನೋಡಿ ತಾನೂ ಸಂತೋಷಪಡುವುದು. ಉಪೇಕ್ಷೆ ಅನ್ನುವುದನ್ನು ನಮ್ಮ ಕನ್ನಡದ "ಅಲಕ್ಷ್ಯ" ಅಂತ ಬರೆಯಬೇಡಿ. ಬೌದ್ಧರಲ್ಲಿ ಅದು ಸಮಚಿತ್ತ. ಮೊದಲು ಮೂಲೆಯಲ್ಲಿ ಎಲೆ ಬದಲು ಗೋಪುರದ ತುದಿಯಂಥ ಆಕಾರ ಇತ್ತು. 1972ರಲ್ಲಿ ದೇಶ ಗಣರಾಜ್ಯವಾಗಿ ಸಿಲೋನ್ ಹೋಗಿ ಶ್ರೀಲಂಕಾ ಆದಾಗ ಅರಳಿ ಎಲೆ ಬಂತು.

ಲಾಂಛನವೂ 1972ರದ್ದು. ಮೇಲೆ ಧರ್ಮಚಕ್ರ, ನಡುವೆ ಸಿಂಹ, ಸುತ್ತ ತಾವರೆ ದಳ, ಕೆಳಗೆ ಪೂರ್ಣಕುಂಭ, ಅದರಿಂದ ಎರಡೂ ಕಡೆ ಮೇಲೆದ್ದ ಭತ್ತದ ತೆನೆ, ಪಕ್ಕದಲ್ಲಿ ಸೂರ್ಯ ಚಂದ್ರ. ನಮ್ಮ ಶಾಸನ ಕಲ್ಲಿನ ಮೇಲೂ ಸೂರ್ಯ ಚಂದ್ರ ಕೆತ್ತಿರುತ್ತಾರಲ್ಲ, ಅವು ಇರುವವರೆಗೂ ಇದು ಇರಲಿ ಅಂತ, ಆ ಭಾವನೆಯೇ. ಮೊದಲ ಬಾರಿ ನೋಡಿದಾಗ ಬಳ್ಳಿಗಾವೆಯ ಕಲ್ಲು ನೆನಪಾಯಿತು.

ವಾಲಿಬಾಲ್_ಮಂಜ
ಕ್ಯಾಂಡಿ ಹತ್ತಿರ ಒಂದು ದೇವಸ್ಥಾನದ ಮರದ ಕಂಬದಲ್ಲಿ ಗಂಡಭೇರುಂಡ ಇದೆಯಂತೆ, ನಿಜನಾ?

ದಾರದುಂಡೆ
ನಿಜ. ಎಂಬೆಕ್ಕೆ ದೇವಾಲಯ. ರಜೆಯಲ್ಲಿ ಹೋಗಿದ್ದೆ. ಮರದ ಕಂಬಗಳಲ್ಲಿ ಚೌಕ ಚೌಕವಾಗಿ ಕೆತ್ತನೆ. ಕುಸ್ತಿ ಆಡುವವರು, ಹಂಸ, ಆನೆ, ಒಂದರಲ್ಲಿ ಎರಡು ತಲೆಯ ಹಕ್ಕಿ. ನಮ್ಮ ಬಸ್ಸಿನ ಮೇಲೆ, ಸರ್ಕಾರಿ ಕಾಗದದ ಮೇಲೆ ನೋಡಿ ನೋಡಿ ಬೆಳೆದವನು ನಾನು. ಅಷ್ಟು ದೂರದ ಊರಿನಲ್ಲಿ ಅದನ್ನು ಕಂಡಾಗ ಕಂಬದ ಮುಂದೆ ನಿಂತೇಬಿಟ್ಟೆ.

ಬೆಂಗ್ಳೂರ್_ಬಸ್
ಗಂಡಭೇರುಂಡ ಅಂದಾಗ ನೆನಪಾಯಿತು. 2018ರಲ್ಲಿ ನಮ್ಮ ಸರ್ಕಾರ ಹಳದಿ, ಬಿಳಿ, ಕೆಂಪು ಬಾವುಟ ಒಪ್ಪಿ ನಡುವೆ ಅದನ್ನೇ ಇಟ್ಟಿತ್ತಲ್ಲ. ನನಗೆ ಬಿಳಿ ಪಟ್ಟಿ ಇಲ್ಲದ ಹಳೆಯ ಹಳದಿ ಕೆಂಪೇ ಇಷ್ಟ.

ಮೇಷ್ಟ್ರು_ಹಾಸನ
ಅದಕ್ಕೆ ಬೇರೆ ಚರ್ಚೆ ಶುರು ಮಾಡೋಣಪ್ಪ. ಇಲ್ಲಿ ಎತ್ತಿದರೆ ಸೋಮವಾರದೊಳಗೆ ಮುಗಿಯುವುದಿಲ್ಲ. ಮಗುವಿನ ಚಾರ್ಟ್ ಮುಗಿಯಲಿ.

ತುಂಗಾತೀರ
ಭಾನುವಾರ ರಾತ್ರಿ ಬರೆಯುತ್ತಿದ್ದೇನೆ. ಚಾರ್ಟ್ ಬಹುಪಾಲು ಆಯಿತು. ನಾಗಸಂಪಿಗೆಯ ಎಲೆ ಸಿಕ್ಕಿತು, ಹೂವು ಸಿಗಲಿಲ್ಲ. ಕಾಡುಕೋಳಿಗೆ ಹಳದಿ ಜುಟ್ಟು ಹಾಕಿದ್ದಾಳೆ. ಸಮರಕೋನ್ ಹೆಸರು ಬರೆದು ಪಕ್ಕದಲ್ಲಿ ಲಘು ಗುರು ಗುರುತು ಹಾಕಿದ್ದಾಳೆ. ಅದನ್ನು ಅವಳ ಅಜ್ಜ ಹೇಳಿಕೊಟ್ಟರು, ಇಬ್ಬರೂ ಬೆರಳು ಮಡಚಿ ಎಣಿಸುತ್ತಿದ್ದರು.

ಬಾವುಟದ ಕೆಳಗೆ ಅವಳೇ ಬರೆದ ಸಾಲು ಹೀಗಿದೆ: "ಹಸಿರು ಪಟ್ಟಿ ಮುಸ್ಲಿಮರದ್ದು. ಕೇಸರಿ ಪಟ್ಟಿ ತಮಿಳರದ್ದು. ಕೆಲವರು ಇದು ನಾವು ಅನ್ನುತ್ತಾರೆ. ಕೆಲವರಿಗೆ ಇದನ್ನು ನೋಡಿದರೆ ಬೇಸರ. ಸುತ್ತ ಇರುವ ಹಳದಿ ಅಂಚು ಎಲ್ಲರಿಗೂ ಒಂದೇ." ನಾನು ಏನೂ ತಿದ್ದಲಿಲ್ಲ.

ಚೆನ್ನೈಕನ್ನಡಿಗ
ತಿದ್ದಬೇಡಿ. ಹಾಗೇ ಇರಲಿ. ನನ್ನ ನೆರೆಯವರಿಗೆ ಇದನ್ನು ತಮಿಳಿನಲ್ಲಿ ಹೇಳುತ್ತೇನೆ.

ದಾರದುಂಡೆ
ಅಕ್ಕಾ ಒಂದು ನಿಮಿಷ. ನೀವು ಮೊದಲು ಬರೆದಾಗ ಕೇಸರಿ ಪಟ್ಟಿ, ಹಸಿರು ಪಟ್ಟಿ ಅಂತ ಬರೆದಿದ್ದಿರಿ. ಅದೇ ಸಾಲಿನಲ್ಲಿ ಅಂಟಿಸಿದ್ದೀರಾ? ಕಂಬದ ಕಡೆಗೆ ಮೊದಲು ಹಸಿರು ಬರಬೇಕು. ಆಮೇಲೆ ಕೇಸರಿ, ಆಮೇಲೆ ಸಿಂಹ. ಎರಡು ಪಟ್ಟಿ ಆದ ಮೇಲೆ ಸಿಂಹದ ಚೌಕಕ್ಕೆ ಮುಂಚೆ ಹಳದಿ ಅಂಚು ಇನ್ನೊಮ್ಮೆ ಬರುತ್ತದೆ, ಅದೂ ನೋಡಿ.

ತುಂಗಾತೀರ
ನೋಡಿದೆ. ತಿರುವುಮುರುವಾಗಿತ್ತು. ಹಳದಿ ಅಂಚು ಸರಿ ಇದೆ. ಬಿಸಿ ಚಮಚ ಇಟ್ಟು ಎರಡೂ ಪಟ್ಟಿ ಬಿಡಿಸಿದೆವು, ಕೇಸರಿಯದ್ದು ತುದಿಯಲ್ಲಿ ಸ್ವಲ್ಪ ಹರಿಯಿತು. ಹೊಸದು ಕತ್ತರಿಸಿದ್ದಾಳೆ. ಈಗ ಹಸಿರು ಅಂಟಿತು. ಕೇಸರಿಯನ್ನು ಅಂಗೈಯಲ್ಲಿ ಒತ್ತಿ ಹಿಡಿದುಕೊಂಡು ಕೂತಿದ್ದಾಳೆ, ಗೋಂದು ಒಣಗಲಿ ಅಂತ.